ಟೆಂಟಕ್ಕ ಹೊಲಿದ ಹೃದಯ

ಟೆಂಟಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಬೀದಿಯ ಅಂಗಡಿಗಳ ಮುಂದೆ ಇಳಿಬಿಟ್ಟ ಬಿಸಿಲುಮರೆ, ಲಾರಿಗಳ ಮೇಲಿನ ಟಾರ್ಪಾಲು, ಪ್ರವಾಸ ಹೋಗುವವರ ಡೇರೆ ಎಲ್ಲವೂ ಅವಳ ಮಿಷನ್ನಿನ ಸೂಜಿಯಡಿ ಹಾದು ಬಂದವೇ ಆಗಿದ್ದರಿಂದ ಆ ಹೆಸರು ಮೂಲೆಗೆ ಬಿದ್ದು ಈ ಹೆಸರೇ ನಿಂತುಬಿಟ್ಟಿತ್ತು. ದಪ್ಪ ಕ್ಯಾನ್ವಾಸ್ ಹೊಲಿದೂ ಹೊಲಿದೂ ಅವಳ ಬೆರಳು ಒರಟಾಗಿದ್ದವು. ಕುತೂಹಲ ಮಾತ್ರ ಇನ್ನೂ ಎಳೆಯ ಮಗುವಿನದು. ಡೇರೆ ಬೇಕು ಅಂತ ಬಂದವರನ್ನು, "ಅಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತೆ? ನೀವು ಯಾವ ಮಗ್ಗುಲಿಗೆ ಮಲಗ್ತೀರಿ?" ಅಂತ ಕೇಳಿ ತಲೆ ತಿನ್ನುತ್ತಿದ್ದಳು.

ಒಂದು ಬೆಳಿಗ್ಗೆ ಹತ್ತಿರದ ಶಾಲೆಯ ವಿಜ್ಞಾನದ ಮೇಷ್ಟ್ರು ಅಂಗಡಿಗೆ ಬಂದು, ಸ್ವಲ್ಪ ಹೊತ್ತು ಬಟ್ಟೆಯ ಸುರುಳಿಗಳನ್ನು ಮುಟ್ಟಿ ನೋಡುತ್ತಾ ನಿಂತು, ಕೊನೆಗೆ ಸಂಕೋಚದಿಂದ ಬಾಯಿಬಿಟ್ಟರು.

"ಒಂದು ಹೃದಯ ಹೊಲಿದು ಕೊಡ್ಬೇಕಿತ್ತು."

"ದಿಂಬಿನ ತರಹಾನಾ?"

"ಅಲ್ಲಮ್ಮ, ಕೋಣೆಯಷ್ಟು ದೊಡ್ಡದು. ಪಕ್ಕದಲ್ಲಿ ಎರಡು ಶ್ವಾಸಕೋಶ. ಮಕ್ಕಳು ಒಳಗೆ ತೂರಿಕೊಂಡು ಹೋಗಿ ಆ ಕಡೆ ಬರ್ಬೇಕು. ಮಕ್ಕಳೇ ರಕ್ತ."

ಒಳಗೆ ಕೂತು ಟಾರ್ಪಾಲಿನ ಅಂಚು ಮಡಚುತ್ತಿದ್ದ ಟೆಂಟಕ್ಕನ ಅಮ್ಮ ಅಲ್ಲಿಂದಲೇ ಕೂಗಿದಳು. "ಮಕ್ಕಳನ್ನ ರಕ್ತ ಮಾಡ್ತಾರಂತೆ! ಎಂಥ ಶಾಲೆಯಪ್ಪಾ ಅದು!"

ಮೇಷ್ಟ್ರು ನಕ್ಕು, ಸೀಮೆಸುಣ್ಣ ತೆಗೆದು ನೆಲದ ಮೇಲೇ ಚಿತ್ರ ಬರೆದರು. ಮೇಲೆ ಎರಡು ಕೋಣೆ, ಕೆಳಗೆ ಎರಡು, ನಡುವೆ ಗೋಡೆ. ಮೈಯೆಲ್ಲ ಸುತ್ತಿ ಬಂದ ರಕ್ತ ಬಲಗಡೆಯ ಮೇಲಿನ ಕೋಣೆಗೆ ಬಂದು, ಕೆಳಗಿಳಿದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಗಾಳಿ ತುಂಬಿಕೊಂಡು ಎಡಗಡೆಗೆ ವಾಪಸ್ ಬಂದು, ಕೆಳಗಿನ ಕೋಣೆಯಿಂದ ಮತ್ತೆ ಮೈಗೆ ಹೊರಡುತ್ತದೆ.

"ಅಂದ್ರೆ ಒಂದು ಸುತ್ತಿಗೆ ಎರಡು ಸಲ ಹೃದಯಕ್ಕೆ ಬರುತ್ತೆ. ಯಾಕೆ? ಶ್ವಾಸಕೋಶದಿಂದ ನೆಟ್ಟಗೆ ಮೈಗೆ ಹೋಗ್ಬಾರ್ದಾ?"

"ಶ್ವಾಸಕೋಶದಲ್ಲಿ ಕೂದಲೆಳೆಗಿಂತ ಸಣ್ಣ ನಾಳಗಳು. ಅಷ್ಟೆಲ್ಲ ನುಸುಳಿ ಬರೋ ಹೊತ್ತಿಗೆ ರಕ್ತದ ರಭಸ ಇಳಿದುಹೋಗಿರುತ್ತೆ. ಅಂಗಾಲಿನ ತನಕ ಹೋಗ್ಬೇಕಲ್ಲ, ಇನ್ನೊಂದು ಸಲ ಒತ್ತು ಬೇಕು."

ಟೆಂಟಕ್ಕನಿಗೆ ಇದು ಹಿಡಿಸಿತು. ಹಣೆಗೆ ಸೂಜಿ ಒತ್ತಿಕೊಂಡು ಯೋಚಿಸಿದಳು. ಬಲಕ್ಕೆ ನೀಲಿ ಕ್ಯಾನ್ವಾಸ್, ಎಡಕ್ಕೆ ಕೆಂಪು ಅಂತ ಮಾತಾಯಿತು. ರಕ್ತ ನಿಜವಾಗಿಯೂ ನೀಲಿ ಇರುತ್ತದೆಯೇ ಅಂತಲೂ ಕೇಳಿದಳು. "ಪುಸ್ತಕದಲ್ಲಿ ಮಾತ್ರ ನೀಲಿ. ಮೈಯೊಳಗೆ ಗಾಳಿ ಕಳಕೊಂಡ ರಕ್ತವೂ ಕೆಂಪೇ, ಸ್ವಲ್ಪ ಕಪ್ಪಾದ ಕೆಂಪು," ಅಂದರು ಮೇಷ್ಟ್ರು.

ಆಮೇಲೆ ಮನೆಯಲ್ಲಿ ಅದೇ ಮಾತು, ಅದೇ ಗುಂಗು. ಶ್ವಾಸಕೋಶಕ್ಕೆ ತನ್ನದೇ ಸ್ನಾಯು ಇಲ್ಲ, ಅದು ತಾನಾಗಿ ಉಬ್ಬಲಾರದು ಅಂತ ಗೊತ್ತಾದ ದಿನ ಟೆಂಟಕ್ಕ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಅವಳ ಪಕ್ಕೆಗೆ ಎರಡೂ ಕೈ ಇಟ್ಟಳು. "ಉಸಿರು ಎಳ್ಕೋ ಅಮ್ಮಾ. ನೋಡು, ಗಾಳಿ ತುಂಬಿ ಎದೆ ಉಬ್ಬೋದಲ್ವಂತೆ. ಎದೆ ಹಿಗ್ಗಿ, ಅದರ ಕೆಳಗಿರೋ ಸ್ನಾಯುವಿನ ಪರದೆ ತಗ್ಗಿದ್ದಕ್ಕೆ ಗಾಳಿ ಒಳಗೆ ಬರೋದಂತೆ. ಮುದುರಿದ ಡೇರೇನ ಕೋಲು ಹಾಕಿ ಎತ್ತಿದ್ರೆ ಗಾಳಿ ತಾನೇ ನುಗ್ಗುತ್ತಲ್ಲ, ಹಾಗೆ!"

"ಕಚಗುಳಿ ಇಡ್ಬೇಡ, ಬಿಡೇ," ಅಂದ ಅಮ್ಮ ಮೂರು ಉಸಿರಿಗೇ ಸುಸ್ತಾಗಿ ಗೋಡೆಗೆ ಒರಗಿದಳು. ಮಗಳ ತಲೆ ಡೇರೆಯೊಳಗೇ ಇತ್ತು. ಗಮನಿಸಲಿಲ್ಲ.

ಹೃದಯ ಸಿದ್ಧವಾಯಿತು. ಶಾಲೆಯ ಸಭಾಂಗಣದಲ್ಲಿ ಕಬ್ಬಿಣದ ಕೊಳವೆಗಳ ಚೌಕಟ್ಟಿಗೆ ಅದನ್ನು ಎಳೆದು ಕಟ್ಟಿದಾಗ ಮಕ್ಕಳೆಲ್ಲ ಹೋ ಅಂದರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಕಪ್ಪು ಚೆಂಡು. ಶ್ವಾಸಕೋಶದಲ್ಲಿ ಅದನ್ನು ಬುಟ್ಟಿಗೆ ಹಾಕಿ ಕೆಂಪು ಚೆಂಡು ತೆಗೆದುಕೊಂಡು ಮುಂದೆ ಹೋಗಬೇಕು. ಮೇಷ್ಟ್ರು ಚಪ್ಪಾಳೆ ಹೊಡೆದರೆ ಹೃದಯ ಹಿಂಡಿತು ಅಂತ ಲೆಕ್ಕ. ಕೆಳಗಿನ ಕೋಣೆಯಲ್ಲಿದ್ದವರೆಲ್ಲ ಹೊರಗೆ ನುಗ್ಗಬೇಕು.

ಚಪ್ಪಾಳೆ ಬಿತ್ತು. ಅರ್ಧ ಮಕ್ಕಳು ಮುಂದಕ್ಕೆ ನುಗ್ಗಿದರು, ಉಳಿದರ್ಧ ಬಂದ ದಾರಿಯಲ್ಲೇ ಹಿಂದಕ್ಕೆ. ಹಿಂದಿನವರು ಇನ್ನೂ ಹಿಂದಿನವರಿಗೆ ಢಿಕ್ಕಿ ಹೊಡೆದು ಶ್ವಾಸಕೋಶದೊಳಗೆ ರಾಶಿ ಬಿದ್ದರು. ಕ್ಯಾನ್ವಾಸು ಹೊಟ್ಟೆ ಉಬ್ಬಿಸಿಕೊಂಡಿತು. "ಮೇಷ್ಟ್ರೇ, ನನ್ನ ಕಾಲ ಮೇಲೆ ಇಡೀ ಕ್ಲಾಸು ಕೂತಿದೆ!" ಅಂತ ಒಳಗಿನಿಂದ ಒಂದು ಹುಡುಗಿಯ ಕೂಗು. ಎಲ್ಲರನ್ನೂ ಹೊರಗೆಳೆಯುವಷ್ಟರಲ್ಲಿ ನಕ್ಕೂ ನಕ್ಕೂ ಮೇಷ್ಟ್ರ ಕಣ್ಣಲ್ಲಿ ನೀರು.

ಟೆಂಟಕ್ಕನ ಮುಖ ಸಣ್ಣಗಾಗಿತ್ತು. ಮೇಷ್ಟ್ರು ಚಿತ್ರದಲ್ಲಿ ಕೋಣೆಗಳ ನಡುವೆ ಎಳೆದಿದ್ದ ಪುಟ್ಟ ಗೀಟುಗಳನ್ನು ಅಲಂಕಾರ ಅಂದುಕೊಂಡು ಕೈಬಿಟ್ಟಿದ್ದಳು. ಅವು ಕವಾಟಗಳು, ಒಂದೇ ಕಡೆಗೆ ತೆರೆಯುವ ಬಾಗಿಲುಗಳು.

"ಒಂದು ನಿಜವಾದ ಹೃದಯ ನೋಡಿದ್ರೆ ಆಯ್ತು," ಅಂದರು ಮೇಷ್ಟ್ರು.

ಮಾಂಸದಂಗಡಿಯವನು ಕುರಿಯ ಹೃದಯವನ್ನು ಕಾಗದದಲ್ಲಿ ಸುತ್ತುತ್ತಾ "ಹೇಗೆ ಕತ್ತರಿಸ್ಲಿ, ಅಡುಗೆಗೆ ತಾನೇ?" ಅಂದ. "ಕತ್ತರಿಸ್ಬೇಡ. ನೋಡೋಕೆ," ಅಂದಳು ಟೆಂಟಕ್ಕ. ಅವನು ಪೊಟ್ಟಣವನ್ನು ಹಾಗೇ ಅವಳ ಕೈಗಿಟ್ಟ.

ಟೆಂಟಕ್ಕನ ಅಡುಗೆಮನೆಯ ಮೇಜಿನ ಮೇಲೆ ತಟ್ಟೆ ಇಟ್ಟು ಅವಳು, ಅಮ್ಮ, ಮೇಷ್ಟ್ರು ಮೂವರೂ ಬಗ್ಗಿ ನಿಂತರು. ಮೇಷ್ಟ್ರು ಎಡಗಡೆಯ ಮೇಲಿನ ಕೋಣೆಯನ್ನು ಕತ್ತರಿಸಿ ತೆಗೆದು, ಕೆಳಗಿನ ಕೋಣೆಗೆ ನೀರು ತುಂಬಿಸಿ, ಹೊರಗಿನಿಂದ ಮೆಲ್ಲಗೆ ಹಿಂಡಿದರು. ತೆಳ್ಳನೆಯ ಎರಡು ಬಿಳಿ ಹಾಳೆಗಳು ನೀರಿನೊಂದಿಗೆ ಮೇಲೆದ್ದು ಒಂದಕ್ಕೊಂದು ಕೂಡಿಕೊಂಡವು. ಒಂದು ಹನಿಯೂ ಮೇಲೆ ಬರಲಿಲ್ಲ.

"ಅಯ್ಯೋ ಚೆಲುವೇ!" ಅಂದಳು ಅಮ್ಮ.

ಟೆಂಟಕ್ಕ ಹಾಳೆಗಳ ಅಡಿಗೆ ಇಣುಕಿದಳು. ಅಲ್ಲಿ ಬಿಳಿ ದಾರಗಳು. ಹಾಳೆಯ ಅಂಚಿನಿಂದ ಹೊರಟು ಕೆಳಗಿನ ಗೋಡೆಗೆ ಬಿಗಿಯಾಗಿ ಕಟ್ಟಿಕೊಂಡಿದ್ದವು. "ಹಗ್ಗ ಕಟ್ಟಿದಾರಲ್ರೀ, ನಮ್ಮ ಡೇರೆಗೆ ಕಟ್ಟಿದ ಹಾಗೆ! ಇದ್ಯಾಕೆ?"

"ಅದಿಲ್ಲದಿದ್ರೆ ಗಾಳಿಗೆ ಛತ್ರಿ ಮಗುಚಿದ ಹಾಗೆ ಬಾಗಿಲು ಆ ಕಡೆಗೆ ಮಗುಚಿಕೊಳ್ಳುತ್ತೆ."

ಹೇಳಿದ್ದನ್ನು ಹಾಗೇ ನಂಬುವ ಜಾಯಮಾನ ಅವಳದಲ್ಲ. ಕತ್ತರಿ ತಂದು ಒಂದೆರಡು ದಾರ ಕತ್ತರಿಸಿ, ತಾನೇ ನೀರು ತುಂಬಿಸಿ ಹಿಂಡಿದಳು. ಹಾಳೆಯ ಒಂದು ಮೂಲೆ ಮೇಲಕ್ಕೆ ಮಗುಚಿ, ಸಂದಿಯಿಂದ ನೀರು ಪುಳಕ್ಕನೆ ಚಿಮ್ಮಿತು.

ಅಮ್ಮ ಅದನ್ನೇ ನೋಡುತ್ತಿದ್ದಳು. "ಮೇಷ್ಟ್ರೇ, ಮನುಷ್ಯರಿಗೂ ಹೀಗೆ ಸೋರುತ್ತಾ? ಸೋರಿದ ರಕ್ತ ಎಲ್ಲಿಗೆ ಹೋಗುತ್ತೆ?"

"ಬಂದ ಕಡೆಗೇ ಅಮ್ಮ, ಶ್ವಾಸಕೋಶದ ದಿಕ್ಕಿಗೆ. ಮೊನ್ನೆ ಮಕ್ಕಳು ರಾಶಿ ಬಿದ್ರಲ್ಲ, ಹಾಗೆ ಅಲ್ಲಿ ಒತ್ತಡ ಏರುತ್ತೆ, ನೀರು ಜಿನುಗುತ್ತೆ. ಮೆಟ್ಟಿಲು ಹತ್ತೋಕಾಗಲ್ಲ. ಚಪ್ಪಟೆಯಾಗಿ ಮಲಗಿದ್ರೆ ಉಸಿರು ಕಟ್ಟುತ್ತೆ, ತಲೆಗೆ..."

"ಮೂರು ದಿಂಬು ಬೇಕು," ಅಂತ ಅಮ್ಮನೇ ಮುಗಿಸಿದಳು.

ಟೆಂಟಕ್ಕನ ಕೈಯಲ್ಲಿದ್ದ ಕತ್ತರಿ ತಟ್ಟೆಗೆ ಬಿತ್ತು. "ಅದು ಕುತ್ತಿಗೆ ನೋವಿಗೆ ಅಂದಿದ್ಯಲ್ಲಮ್ಮ!"

"ಕುತ್ತಿಗೆ ಅಂದ್ರೆ ನೀನು ಸುಮ್ಮನಿರ್ತೀಯ. ಎದೆ ಅಂದಿದ್ರೆ ಬಿಡ್ತಿದ್ಯಾ?"

ಬಿಡಲಿಲ್ಲ. ಮರುದಿನವೇ ಆಸ್ಪತ್ರೆ. ಎದೆಗೆ ತಣ್ಣನೆಯ ಜೆಲ್ ಹಚ್ಚಿ ಯಂತ್ರದ ಹಿಡಿಯನ್ನು ಆಡಿಸಿದಾಗ ಪರದೆಯ ಮೇಲೆ ಬೂದುಬಣ್ಣದ ಹೃದಯ ಕುಣಿಯಿತು. "ನಂದೇನಾ ಇದು? ಏನು ಗಡಿಬಿಡಿನಪ್ಪಾ ಇದಕ್ಕೆ!" ಅಂದಳು ಅಮ್ಮ. ಟೆಂಟಕ್ಕನ ಕಣ್ಣು ಎಡಗಡೆಯ ಬಾಗಿಲನ್ನು ಹುಡುಕಿ ಹಿಡಿಯಿತು. ಪ್ರತಿ ಬಡಿತಕ್ಕೂ ಒಂದು ಹಾಳೆಯ ತುದಿ ಮೇಲಕ್ಕೆ ಮಗುಚಿ ಬೀಳುತ್ತಿತ್ತು. ಯಾರೂ ಹೇಳುವ ಮೊದಲೇ ಅವಳಿಗೆ ತಿಳಿದುಹೋಯಿತು. ದಾರ ಹರಿದಿದೆ, ಹೊಲಿಯಬಹುದು ಅಂದರು ಸರ್ಜನ್ ಮೇಡಂ.

"ಬಡ್ಕೊಳ್ತಾ ಇರೋದನ್ನ ಹೇಗೆ ಹೊಲೀತೀರಿ?"

"ನಿಲ್ಲಿಸಿ ಹೊಲೀತೀವಿ."

"ನಿಲ್ಲಿಸಿದ್ರೆ ಅಮ್ಮ?"

ಸರ್ಜನ್ ಮೇಡಂಗೆ ಅವಸರವಿತ್ತು. ಆದರೂ ಕುರ್ಚಿ ಎಳೆದುಕೊಂಡು ಕೂತರು. ಮೈಯಿಂದ ಬಂದ ರಕ್ತವನ್ನು ಹೃದಯಕ್ಕೆ ಬಿಡದೆ ಕೊಳವೆಯಲ್ಲಿ ಹೊರಗೆ ತರುತ್ತೇವೆ, ಯಂತ್ರದೊಳಗೆ ಅದು ಇಂಗಾಲದ ಡೈಆಕ್ಸೈಡ್ ಬಿಟ್ಟು ಆಮ್ಲಜನಕ ತುಂಬಿಕೊಳ್ಳುತ್ತದೆ, ಪಂಪು ಅದನ್ನು ಮತ್ತೆ ಮೈಗೆ ನೂಕುತ್ತದೆ ಅಂತ ಬಿಡಿಸಿ ಹೇಳಿದರು.

"ಅಂದ್ರೆ ಆ ಹೊತ್ತು ಅಮ್ಮ ಉಸಿರೇ ಆಡಲ್ವಾ?"

"ಇಲ್ಲ. ಅವರ ಪರವಾಗಿ ಯಂತ್ರ ಆಡುತ್ತೆ."

"ನೋಡಿದ್ಯಾ," ಅಂದಳು ಅಮ್ಮ, "ಉಸಿರಾಡೋಕೂ ಆಳು ಇಟ್ಕೊಂಡ ಹಾಗಾಯ್ತು."

ಆಪರೇಷನ್ ದಿನ ಟೆಂಟಕ್ಕ ಕಾರಿಡಾರಿನ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಒಳಗೆ ಏನೇನು ನಡೆಯುತ್ತಿದೆ ಅಂತ ಗೊತ್ತಿದ್ದದ್ದೇ ದೊಡ್ಡ ಸಂಕಟವಾಯಿತು. ಈಗ ನಿಲ್ಲಿಸಿರುತ್ತಾರೆ. ಈಗ ದಾರ ಪೋಣಿಸುತ್ತಿರುತ್ತಾರೆ. ಅವಳಿಗೇ ತಿಳಿಯದಂತೆ ಅವಳು ಉಸಿರು ಬಿಗಿಹಿಡಿದಿದ್ದಳು. ಎದೆ ತಾನಾಗಿಯೇ ಹಿಗ್ಗಿ ಗಾಳಿ ಎಳೆದುಕೊಂಡಾಗ ಬೆಚ್ಚಿದಳು. ಬೇಡವೆಂದರೂ ಬಿಡದೆ ಉಸಿರಾಡಿಸುವವರು ಯಾರೋ ಒಳಗೆ ಇದ್ದಾರೆ ಅನ್ನಿಸಿತು. ನಡುವೆ ಮೇಷ್ಟ್ರ ಫೋನು ಬಂತು. ಅವಳು ಹಗ್ಗ ಸಮೇತ ಹೊಲಿದು ಕೊಟ್ಟಿದ್ದ ಬಾಗಿಲುಗಳನ್ನು ಕಟ್ಟಿದರಂತೆ, ಮಕ್ಕಳು ಸರಾಗವಾಗಿ ಸುತ್ತು ಹಾಕುತ್ತಿದ್ದಾರಂತೆ, ಒಬ್ಬರೂ ಹಿಂದಕ್ಕೆ ಬರಲಿಲ್ಲವಂತೆ. "ಹೂಂ" ಅಂದಳು.

ಸರ್ಜನ್ ಮೇಡಂ ಬಂದು ಮುಖಗವಸು ಕೆಳಗೆಳೆದರು. "ಹೊಲಿಗೆ ಗಟ್ಟಿಯಾಗಿದೆ. ಸೋರ್ತಿಲ್ಲ."

ಟೆಂಟಕ್ಕ ಎರಡೂ ಕೈಯಲ್ಲಿ ಅವರ ಕೈ ಹಿಡಿದುಕೊಂಡಳು. ಕಣ್ಣೀರು ಒರೆಸಿಕೊಂಡ ಮೇಲೆ ಬಾಯಿಗೆ ಬಂದದ್ದು ಮಾತ್ರ ಪ್ರಶ್ನೆಯೇ. "ನಿಂತದ್ದನ್ನ ಮತ್ತೆ ಹೇಗೆ ಶುರು ಮಾಡಿದ್ರಿ?"

"ಅದಕ್ಕೆ ಬೆಚ್ಚಗಿನ ರಕ್ತ ಬಿಟ್ಟೆವು, ಅಷ್ಟೇ. ಬಡಿತ ಹೃದಯದ ಒಳಗೇ ಹುಟ್ಟುತ್ತೆ. ಮೊದಲು ಸ್ವಲ್ಪ ನಡುಗ್ತು, ಆಮೇಲೆ ತಾನೇ ಹಿಡ್ಕೊಳ್ತು."

ವಾರ್ಡಿಗೆ ಬಂದ ಮೇಲೆ ಅಮ್ಮನ ಕೈಗೆ ನರ್ಸು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಅದರಲ್ಲಿ ಮೂರು ಕೊಳವೆ, ಮೂರು ಪುಟ್ಟ ಗುಂಡು, ಬಾಯಿಗಿಟ್ಟುಕೊಳ್ಳಲು ಒಂದು ನಳಿಕೆ. ಶ್ವಾಸಕೋಶದ ಮೂಲೆಮೂಲೆಯೂ ಬಿಚ್ಚಿಕೊಳ್ಳಬೇಕಾದರೆ ಇದೇ ವ್ಯಾಯಾಮವಂತೆ. ಅಮ್ಮನಿಗೂ ಪಕ್ಕದ ಹಾಸಿಗೆಯ ನಿವೃತ್ತ ರೈಲು ಡ್ರೈವರ್ ಅಜ್ಜಿಗೂ ಪಂದ್ಯವೇ ಶುರುವಾಗಿತ್ತು. ಅಜ್ಜಿಯದು ಎರಡು ಗುಂಡು ಮೇಲೇರಿ ನಿಂತಿತ್ತು. ಅಮ್ಮನದು ಒಂದೂವರೆ.

"ಎಲ್ಲಿ, ಕೊಡು ನೋಡೋಣ," ಅಂತ ಟೆಂಟಕ್ಕ ಡಬ್ಬಿ ಕಸಿದುಕೊಂಡು, ನಳಿಕೆ ಒರೆಸಿ ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ ಪ್ರಾಣ ಹೋಗುವ ಹಾಗೆ ಊದಿದಳು. ಒಂದು ಗುಂಡೂ ಕದಲಲಿಲ್ಲ.

ಅಮ್ಮ ಎದೆಯ ಹೊಲಿಗೆಗೆ ದಿಂಬು ಒತ್ತಿಹಿಡಿದು, ನೋವಾಗದ ಹಾಗೆ ಜೋಪಾನವಾಗಿ ನಕ್ಕಳು. "ಊದೋದಲ್ವೇ ಪೆದ್ದಿ, ಎಳ್ಕೋಬೇಕು. ನಿಧಾನಕ್ಕೆ. ನೀನೇ ಹೇಳಿಕೊಟ್ಟಿದ್ದಲ್ವಾ?"