ಷಡ್ಡಕನ ಕೆಂಪು ಕಾರು

ಗುರುಪಾದಸ್ವಾಮಿ ತನ್ನ ಹಳೇ ಕಾರನ್ನು ಷಡ್ಡಕ ಸೋಮೇಶನಿಗೆ ಮಾರುವ ಹೊತ್ತಿಗೆ ಅದರ ಕೆಂಪು ಬಣ್ಣ ಕಾಗದಪತ್ರದಲ್ಲಷ್ಟೇ ಉಳಿದಿತ್ತು. ಗುರುಪಾದಸ್ವಾಮಿ ಇದ್ದದ್ದು ಚಾಮರಾಜನಗರದಲ್ಲಿ, ಕೆಲಸ ಬದನಗುಪ್ಪೆಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ. ಕಾರ್ಖಾನೆಯ ಬಯಲಿನಲ್ಲಿ ಒಂದು ಗಿಡದ ನೆರಳೂ ಇರಲಿಲ್ಲ. ವರ್ಷಗಟ್ಟಲೆ ಅಲ್ಲೇ ನಿಂತು ಬಿಸಿಲಿಗೆ ಬೆಂದ ಕಾರಿನ ಬಾನೆಟ್ಟು ಬೂದಿ ಹಿಡಿದ ಹಾಗೆ ಬಿಳಿಚಿಕೊಂಡಿತ್ತು. ಬೆರಳಿಟ್ಟು ಎಳೆದರೆ ಬೆರಳ ತುದಿಗೆ ಗುಲಾಬಿ ಬಣ್ಣದ ಪುಡಿ ಹತ್ತುತ್ತಿತ್ತು. ಹೊಸ ಕಪ್ಪು ಕಾರು ಮನೆ ಮುಂದೆ ಬಂದು ನಿಂತ ಮೇಲಂತೂ ಹಳೆಯದರ ಕಡೆ ತಿರುಗಿ ನೋಡಲೂ ಅವನಿಗೆ ಬೇಜಾರು.

"ಇಂಜಿನ್ನು ಚೆನ್ನಾಗದೆ. ಮಿಕ್ಕಿದ್ದು ನಿನ್ನ ಅದೃಷ್ಟ ಕಣಪ್ಪ" ಎಂದು ನಕ್ಕು ಕೀ ಕೊಟ್ಟಿದ್ದ. ಸೋಮೇಶ ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಹೇಳುವ ಮೇಷ್ಟ್ರು, ಮೆತ್ತನೆಯ ಮನುಷ್ಯ. "ಆಯ್ತಣ್ಣ" ಎಂದು ಕೀ ಇಸ್ಕೊಂಡು ಹೋಗಿದ್ದ.

ಅದೇ ಕಾರನ್ನು ಗುರುಪಾದಸ್ವಾಮಿ ಮತ್ತೆ ನೋಡಿದ್ದು ಹರವೆಯಲ್ಲಿ, ಮಾವ ಗುರುಮಲ್ಲಯ್ಯನವರ ಮನೆ ಮುಂದೆ. ಮಾವನ ಒಬ್ಬನೇ ಮಗ ಸಾಗರ್‌ಗೆ ತೆರಕಣಾಂಬಿಯಲ್ಲಿ ಹೆಣ್ಣು ನೋಡುವ ಶಾಸ್ತ್ರವಿತ್ತು. ದೊಡ್ಡಳಿಯ ಅನ್ನಿಸಿಕೊಂಡ ಗುರುಪಾದಸ್ವಾಮಿ ಹೆಂಡತಿ ಶಶಿರೇಖಾಳನ್ನು ಕರೆದುಕೊಂಡು ಬೇಗನೆ ಬಂದು, ಕಪ್ಪು ಕಾರನ್ನು ಬಾಗಿಲಿಗೆ ನೇರವಾಗಿ ನಿಲ್ಲಿಸಿ, ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಒಂದು ಕೆಂಪು ಕಾರು ಕಾಣಿಸಿತು. ಯಾರೋ ದೊಡ್ಡವರು ದಾರಿ ತಪ್ಪಿ ಬಂದಿರಬೇಕು ಎಂದುಕೊಂಡ. ನಂಬರು ಕಣ್ಣಿಗೆ ಬಿದ್ದಾಗ ಲೋಟ ಕೈಯಲ್ಲೇ ನಿಂತಿತು.

ಆ ಕೆಂಪಿಗೆ ಒಂದು ಆಳ ಬಂದಿತ್ತು. ಬೀದಿಯ ಬೇವಿನ ಮರ, ಲೈಟು ಕಂಬ, ಎದುರು ಮನೆಯ ಹೆಂಚು, ಎಲ್ಲವೂ ಬಾನೆಟ್ಟಿನೊಳಗೆ ತಲೆಕೆಳಗಾಗಿ ತೇಲುತ್ತಾ ಬಂದು ನಿಂತವು. ಅತ್ತೆ ಮಲ್ಲಾಜಮ್ಮ ಕಿರಿಮಗಳು ರೂಪಶ್ರೀಯನ್ನು ಮಾತಾಡಿಸುವುದು ಬಿಟ್ಟು, ಕಾರಿನ ಬಾಗಿಲಿಗೆ ಬಾಗಿ ಹಣೆಯ ವಿಭೂತಿ ಸರಿ ಮಾಡಿಕೊಂಡರು.

ಬಣ್ಣ ಹೊಡೆಸಿದ್ದೀರಾ ಭಾವ ಎಂದು ಸಾಗರ್ ಕೇಳಿದ. ಇಲ್ಲ, ಅದೇ ಬಣ್ಣ, ಕೈಯಲ್ಲೇ ತಿಕ್ಕಿದ್ದು ಎಂದ ಸೋಮೇಶ. ಉಳಿದದ್ದನ್ನು ರೂಪಶ್ರೀ ಹೇಳಿದಳು. ಭಾನುವಾರ ಬಂತೆಂದರೆ ಬೆಳಗಿನ ತಂಪಿಗೆ ಎದ್ದು ಕಾರು ತೊಳೆದು ಒರೆಸುತ್ತಾರೆ. ಮೊದಮೊದಲು ಸತ್ತ ಬಣ್ಣ ತೆಗೆಯುವುದಕ್ಕೆ ಪಾಲಿಶ್ ಹಾಕಿ ತಿಕ್ಕಿದರು. ಆಮೇಲೆ ಅದರ ಮೇಲೆ ವ್ಯಾಕ್ಸು. ಅಂಗೈ ಅಗಲದ ಜಾಗ ಮುಗಿಸದೆ ಮುಂದಕ್ಕೆ ಹೋಗುವುದಿಲ್ಲ, ತಿಂಡಿ ಆರಿಹೋದರೂ ಏಳುವುದಿಲ್ಲ. "ನನ್ನ ಮುಖಾನ ಇಷ್ಟು ಗಮನ ಕೊಟ್ಟು ನೋಡಿಲ್ಲ" ಎಂದು ಅವಳು ನಕ್ಕಳು. ಎಲ್ಲರೂ ನಕ್ಕರು. ಗುರುಪಾದಸ್ವಾಮಿಯ ತುಟಿಯೂ ನಕ್ಕಿತು. ಎದೆಯೊಳಗೆ ಮಾತ್ರ ಹಸಿ ಮೆಣಸಿನಕಾಯಿ ಕಚ್ಚಿದಂತಾಗಿತ್ತು.

ಹೊರಡುವ ಹೊತ್ತಿಗೆ ಸಾಗರ್ ನೇರವಾಗಿ ಕೆಂಪು ಕಾರಿನ ಬಾಗಿಲು ತೆಗೆದ. ಗುರುಪಾದಸ್ವಾಮಿ ತನ್ನ ಕಾರಿನ ಎಸಿ ಆಗಲೇ ಹಾಕಿಟ್ಟಿದ್ದ. ಮಾವನಾದರೂ ತನ್ನ ಜೊತೆ ಬಂದಾರು ಎಂದು ಮುಂದಿನ ಸೀಟಿನ ಧೂಳು ಕೊಡವಿದ. ಗುರುಮಲ್ಲಯ್ಯ ಎರಡೂ ಕಾರನ್ನು ಒಮ್ಮೆ ನೋಡಿ, "ಶುಭಕಾರ್ಯ, ಕೆಂಪು ಲಕ್ಷಣವಾಗದೆ, ಅದ್ರಲ್ಲೇ ಓಗನ ಕಣಪ್ಪ" ಎಂದು ಹತ್ತಿಬಿಟ್ಟರು. ಕಪ್ಪು ಕಾರಿಗೆ ಹಣ್ಣಿನ ಬುಟ್ಟಿಗಳು ಬಂದವು. ಜೊತೆಗೆ, ಕಾರು ಹತ್ತಿದರೆ ವಾಂತಿ ಮಾಡುವ ದೊಡ್ಡತ್ತೆ, ಮಾವನ ಅಕ್ಕ. ದಾರಿಯುದ್ದಕ್ಕೂ ಅವರು ಎಸಿ ಬೇಡ, ಗಾಜು ಇಳಿಸು ಅನ್ನುತ್ತಿದ್ದರು. ಇಳಿಸಿದ ಗಾಜಿನಿಂದ ಮುಂದಿನ ಕಾರಿನ ಧೂಳು ಒಳಗೆ ಬರುತ್ತಿತ್ತು.

ತೆರಕಣಾಂಬಿಯಲ್ಲಿ ಹೆಣ್ಣಿನ ತಂದೆ ಮೊದಲು ಬಂದ ಕಾರಿನವನನ್ನೇ ದೊಡ್ಡಳಿಯ ಎಂದುಕೊಂಡು ಸೋಮೇಶನ ಕೈಗೆ ನೀರಿನ ಚೊಂಬು ಕೊಟ್ಟರು. ಸೋಮೇಶ ಹಿಂದಕ್ಕೆ ಸರಿದು, "ಇವ್ರು ನಮ್ಮಣ್ಣ, ಮೊದ್ಲು ಇವ್ರಿಗೆ ಕೊಡಿ" ಎಂದ. ಚೊಂಬನ್ನು ಅವನೇ ಇಟ್ಟುಕೊಂಡಿದ್ದರೆ ಗುರುಪಾದಸ್ವಾಮಿಗೆ ಬೈಯುವುದಕ್ಕೊಂದು ಕಾರಣವಾದರೂ ಸಿಗುತ್ತಿತ್ತು. ಈ ಒಳ್ಳೆಯತನಕ್ಕೆ ಏನು ಮಾಡುವುದು? ಹೆಣ್ಣು ಎಲ್ಲರಿಗೂ ಒಪ್ಪಿಗೆಯಾಯಿತು. ಹುಡುಗಿ ನಿಮಗೆ ಹೇಗನ್ನಿಸಿದಳು ಎಂದು ಸಂಜೆ ಶಶಿರೇಖಾ ಕೇಳಿದರೆ ಅವನಿಗೆ ಅವಳ ಮುಖವೇ ನೆನಪಿರಲಿಲ್ಲ. ಕೂತಲ್ಲಿಂದ ಅವನು ನೋಡುತ್ತಿದ್ದದ್ದು ಕಿಟಕಿಯಾಚೆ, ಕೆಂಪು ಕಾರಿನ ಸುತ್ತ ನಿಂತ ಜನವನ್ನು.

"ಆ ಕಾರಲ್ಲಿ ಅಷ್ಟು ಅಂದ ಅದೆ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಬಾಯಿ ಬಿಡದೆ ತಗೊಂಡ" ಎಂದ ಹೆಂಡತಿಯ ಹತ್ತಿರ.

"ಅಂದ ಇತ್ತು. ನೋಡಕ್ಕೆ ನಿಮಗೆ ಪುರುಸೊತ್ತಿರಲಿಲ್ಲ" ಎಂದು ಶಶಿರೇಖಾ ಒಳಗೆ ಹೋದಳು.

ಆ ವಾರವೆಲ್ಲ ಕಪ್ಪು ಕಾರಿನ ಹತ್ತಿರ ಹೋದಾಗಲೆಲ್ಲ ಅವನಿಗೆ ಅದರ ಮೇಲಿನ ಧೂಳು, ಹಕ್ಕಿಯ ಹಿಕ್ಕೆಯ ಕಲೆಗಳೇ ಕಂಡವು. ಭಾನುವಾರ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಇದ್ದದ್ದರಲ್ಲಿ ದೊಡ್ಡದೊಂದು ವ್ಯಾಕ್ಸಿನ ಡಬ್ಬಿ ತಂದ. ಸೋಮೇಶನಿಗೆ ಫೋನು ಮಾಡಿ ಕೇಳಿದ್ದರೆ ಹೇಳಿಕೊಡುತ್ತಿದ್ದ. ಆದರೆ ಕೇಳುವುದುಂಟೇ? ಮಟಮಟ ಮಧ್ಯಾಹ್ನ, ಕಾದ ಬಾನೆಟ್ಟಿನ ಮೇಲೆ, ದೋಸೆಗೆ ಬೆಣ್ಣೆ ಹಾಕುವವನ ಹಾಗೆ ವ್ಯಾಕ್ಸು ಮೆತ್ತಿದ. ಇಡೀ ಕಾರಿಗೆ ಒಂದೇ ಸಲ ಹಚ್ಚಿ ಮುಗಿಸಿ, ಹೀರಿಕೊಳ್ಳಲಿ ಎಂದು ಊಟಕ್ಕೆ ಹೋದ.

ಬಂದು ನೋಡಿದರೆ ವ್ಯಾಕ್ಸು ಗಾರೆ ಕಟ್ಟಿದಂತೆ ಗಟ್ಟಿಯಾಗಿತ್ತು. ಒರೆಸಿದರೆ ಬಿಡದು. ಮೈಭಾರ ಹಾಕಿ ತಿಕ್ಕಿದ. ನಡುವೆ ಬಟ್ಟೆ ಕೈಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡು ಅದರಲ್ಲೇ ತಿಕ್ಕಿದ. ಬಟ್ಟೆಗೆ ಮರಳು ಹತ್ತಿದ್ದು ತಿಳಿಯುವಷ್ಟರಲ್ಲಿ ಸಾಕಷ್ಟು ಹೊತ್ತಾಗಿತ್ತು. ನೀರು ಸುರಿದು ನೋಡಿದ. ಕಪ್ಪು ಬಾನೆಟ್ಟಿನ ತುಂಬ ಜೇಡ ಬಲೆ ನೇಯ್ದಂತೆ ಸುತ್ತು ಸುತ್ತು ಗೀರುಗಳು. ಬಂಪರಿನ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಕಲೆಗಳು. ಎದುರು ಮನೆಯವರು ಹೊರಗೆ ಬರುವ ಮೊದಲೇ ಕಾರಿಗೆ ಕವರ್ ಹಾಕಿಬಿಟ್ಟ. ಬೀದಿ ಮಕ್ಕಳು ಮಣ್ಣೆರಚಿ ಗೀಚಿದವೆಂದು ಹೆಂಡತಿಗೆ ಹೇಳಿದ. ಅವಳು ಅವನ ಮೊಣಕೈವರೆಗೆ ಮೆತ್ತಿದ್ದ ವ್ಯಾಕ್ಸನ್ನು ನೋಡಿದಳು. ಆಮೇಲೆ ತಂಗಿಗೆ ಫೋನು ಮಾಡಿದಳು.

ಮುಂದಿನ ಭಾನುವಾರ ಬಿಸಿಲೇರುವ ಮೊದಲೇ ಸೋಮೇಶ ಬಂದ, ಕೆಂಪು ಕಾರಿನಲ್ಲೇ. ಚೀಲದಲ್ಲಿ ಒಗೆದು ಮಡಿಸಿದ ಮೆತ್ತನೆ ಬಟ್ಟೆಗಳು, ಪಾಲಿಶ್, ವ್ಯಾಕ್ಸು. ಗುರುಪಾದಸ್ವಾಮಿ ಮಕ್ಕಳ ಕತೆಯನ್ನು ಅವನಿಗೂ ಹೇಳಿದ. ಸೋಮೇಶ ಗೀರುಗಳ ಮೇಲೆ ಬೆರಳಾಡಿಸಿ ಹೂಂ ಎಂದ. ಕಾರನ್ನು ಗೋಡೆಯ ನೆರಳಿಗೆ ತಂದು, ತೊಳೆದು, ಒಣಗಿಸಿ, ಒಂದು ಬಟ್ಟೆಯನ್ನು ಷಡ್ಡಕನ ಕೈಗೂ ಕೊಟ್ಟ. ಬಾನೆಟ್ಟಿನ ಬಲಗಡೆ ಸೋಮೇಶ, ಎಡಗಡೆ ಗುರುಪಾದಸ್ವಾಮಿ.

ಪಾಲಿಶಿನ ಕೆಲಸ ಬಹಳ ಹೊತ್ತು ಹಿಡಿಯಿತು. ಆಮೇಲೆ ವ್ಯಾಕ್ಸು. "ಒತ್ತಬೇಡಿ ಅಣ್ಣ, ಕೈ ಭಾರವೇ ಸಾಕು" ಎಂದ ಸೋಮೇಶ. "ತೆಳ್ಳಗೆ ಹಚ್ಚಿ. ಹಚ್ಚಿದ್ದು ಕಂಡೂ ಕಾಣದಂಗಿರಬೇಕು." ಹಚ್ಚಿದ್ದು ಮಂಜು ಕವಿದಂತೆ ಮಸುಕಾಗುವವರೆಗೆ ಕಾದು, ಬಟ್ಟೆಯ ಮಗ್ಗಲು ತಿರುಗಿಸಿ ಹಗುರವಾಗಿ ಒರೆಸಿದ. ಮಸುಕಿನ ಅಡಿಯಿಂದ ಅವನ ಮುಖ ಮೇಲೆದ್ದು ಬಂತು. ಗುರುಪಾದಸ್ವಾಮಿಯೂ ಒರೆಸಿದ. ಅವನ ಮುಖವೂ ಬಂತು, ಆದರೆ ಗೀರುಗಳ ಹಿಂದೆ. ನನ್ನದೇ ಕಾರಿನಲ್ಲೂ ಇವನ ಭಾಗವೇ ಮೇಲಾಯಿತಲ್ಲ ಎಂದು ಅದೇ ಜಾಗವನ್ನು ಇನ್ನೊಮ್ಮೆ ಒರೆಸಿದ. ತಡೆಯಲಾರದೆ ಕೇಳಿಬಿಟ್ಟ, ಅಂಥಾ ಕೆಟ್ಟುಹೋದ ಕಾರಿಗೆ ಅಷ್ಟೊಂದು ದುಡಿದೆಯಲ್ಲ, ಯಾಕೆ ಅಂತ.

ಸೋಮೇಶ ತಲೆಯೆತ್ತಲಿಲ್ಲ. "ಹಬ್ಬಕ್ಕೆ ಹರವೆಗೆ ನೀವು ಆ ಕಾರಲ್ಲಿ ಬಂದು ಇಳೀತಿದ್ರಿ. ನಾವು ಬಸ್ಸಿಳಿದು, ರೂಪಾ ಸೀರೆ ಎತ್ಕೊಂಡು, ನಾನು ಬ್ಯಾಗ್ ಹೊತ್ಕೊಂಡು ನಡೀತಿದ್ವಿ. ನೀವು ಪಕ್ಕದಲ್ಲೇ ಹಾರನ್ ಹೊಡೆದು ಹೋಗಿದ್ದೂ ಉಂಟು. ಆ ಕಾರ್ನ ನೋಡಿದ್ರೆ ನನ್ನ ಹೊಟ್ಟೇಲಿ ಬೆಂಕಿ ಬಿದ್ದಂಗಾಗೋದು ಅಣ್ಣ. ನಂದಾದ ಮೇಲೆ ಅದನ್ನ ಹಂಗೇ ಬುಡಕ್ಕಾಗಲಿಲ್ಲ."

ಗುರುಪಾದಸ್ವಾಮಿಯ ಕೈ ನಿಂತಿತು. ನಾಚಿಕೆಯಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಆದರೆ ಅದಕ್ಕಿಂತ ಮುಂಚೆ ಒಂದು ತಂಪು ಎದೆಗಿಳಿದಿತ್ತು. ಇವನೂ ಉರಿದಿದ್ದ, ಅದೂ ನನ್ನನ್ನು ನೋಡಿ, ಅಷ್ಟು ವರ್ಷ. ಹದಿನೈದು ದಿನದಿಂದ ಯಾರ ಸಮಾಧಾನಕ್ಕೂ ಆರದಿದ್ದದ್ದು ಆ ಮಾತಿಗೆ ಆರಿತು. ಹಾಗೆ ಆರಿದ್ದು ಅವನಿಗೇ ಇಷ್ಟವಾಗಲಿಲ್ಲ.

"ಗೀಚಿದ್ದು ಮಕ್ಕಳಲ್ಲ ಕಣಪ್ಪ, ನಾನೇ" ಎಂದ.

"ಗೊತ್ತಣ್ಣ."

ಇನ್ನೊಂದಷ್ಟು ಹೊತ್ತು ಒರೆಸಿ ಗುರುಪಾದಸ್ವಾಮಿ, "ಆ ಕಾರು ವಾಪಸ್ ಕೊಟ್ಬುಡ್ತೀಯಾ?" ಎಂದು ಕೇಳಿದ. ತಮಾಷೆಯ ದನಿಯಲ್ಲಿ ಕೇಳಿದನೇ ಹೊರತು ಕಣ್ಣು ತಮಾಷೆ ಮಾಡುತ್ತಿರಲಿಲ್ಲ.

"ಇಲ್ಲ ಅಣ್ಣ" ಎಂದ ಸೋಮೇಶ. ಅವನ ಬಾಯಿಂದ ಇಲ್ಲ ಎನ್ನುವ ಮಾತು ಗುರುಪಾದಸ್ವಾಮಿ ಕೇಳಿದ್ದು ಅದೇ ಮೊದಲು.

ಸಾಗರ್ ನಿಶ್ಚಿತಾರ್ಥದ ದಿನ ಎರಡೂ ಕಾರು ಹರವೆಯ ಮನೆ ಮುಂದೆ ಒಂದರ ಪಕ್ಕ ಒಂದು ನಿಂತವು. ಮದುಮಗ ಈ ಸಲವೂ ಕೆಂಪು ಕಾರನ್ನೇ ಹತ್ತಿದ. ಗುರುಮಲ್ಲಯ್ಯ ಮಾತ್ರ ಕಪ್ಪು ಕಾರಿನ ಹತ್ತಿರ ನಿಂತು, ಬಾನೆಟ್ಟಿನ ಮೇಲೆ ಅಂಗೈ ಸವರಿ, ಇಷ್ಟು ನುಣುಪು ಮಾಡಿದ್ದು ಯಾರು ಎಂದು ಕೇಳಿದರು. ನಾನೇ ಅನ್ನುವ ಮಾತು ಗುರುಪಾದಸ್ವಾಮಿಯ ನಾಲಿಗೆಯ ತುದಿಗೇ ಬಂದಿತ್ತು.

"ಬಲಗಡೆ ಸೋಮೇಶ, ಎಡಗಡೆ ನಾನು ಮಾವ" ಎಂದ.

ಮಾವ ಎರಡೂ ಕಡೆ ಇನ್ನೊಮ್ಮೆ ಸವರಿದರು. ಹತ್ತಿರದ್ದು ಕಣ್ಣಿಗೆ ಅಷ್ಟಾಗಿ ಕಾಣದ ಅವರು ಕೈಯಲ್ಲೇ ನೋಡಿ, "ಎರಡೂ ಒಂದೇ ತರ ಅವೆ ಬುಡಪ್ಪ" ಎಂದು ಮುಂದಿನ ಸೀಟಿಗೆ ಹತ್ತಿ ಕೂತರು. ಎಡಗಡೆಯ ಗೀರುಗಳು ಓರೆಬಿಸಿಲಿಗೆ ಕಾಣುತ್ತಿದ್ದವು. ಗುರುಪಾದಸ್ವಾಮಿ ಅವನ್ನು ನೋಡಿದ, ನೋಡಿ ಕಾರು ಸ್ಟಾರ್ಟ್ ಮಾಡಿದ. ಸೋಮೇಶ ಕೈ ಬೀಸಿ ಮುಂದೆ ಹೋಗಿ ಎಂದು ದಾರಿ ಬಿಟ್ಟ. ಹೋಗಲೋ ಬೇಡವೋ ಎಂದು ಒಂದು ಗಳಿಗೆ ನಿಂತು, ಕೊನೆಗೆ ಗುರುಪಾದಸ್ವಾಮಿ ಮುಂದೆ ಹೋದ. ಹಾರನ್ ಮಾತ್ರ ಹೊಡೆಯಲಿಲ್ಲ.