ಪೋತ್ನಾಳದ ಕಂಪ್ಯೂಟರಿನ ಬೆರಳಚ್ಚು

ಮನೆಯಲ್ಲಿ ಯಾರಿಗಾದರೂ ಜಡ್ಡು ಬಂದರೆ ಕೌದಿ ಹೊದಿಸಿ, ಬಸ್ಸಿಗೆ ಕೂರಿಸಿ ರಾಯಚೂರಿಗೆ ಕರೆತರುವುದು ನಮ್ಮ ಕಡೆಯ ರೂಢಿ. ನಮ್ಮ ಮಹಿಳಾ ಒಕ್ಕೂಟದಲ್ಲಿ ಕಂಪ್ಯೂಟರಿಗೂ ಹಾಗೇ ಮಾಡುತ್ತಿದ್ದೆವು. ಕೆಟ್ಟಿತೆಂದರೆ ವೈರು ಕಿತ್ತು, ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತುವುದು.

ಮೊನ್ನೆ ಪೋತ್ನಾಳದ ಬೂದೆಮ್ಮ ಅದಕ್ಕೇ ಹೊರಟಿದ್ದಳು.

ಮಾನ್ವಿ ತಾಲೂಕಿನ ಪೋತ್ನಾಳದಲ್ಲೂ ದೇವದುರ್ಗದಲ್ಲೂ ಒಕ್ಕೂಟದ ಒಂದೊಂದು ಕಾವಿನ ಪೆಟ್ಟಿಗೆ ಇದೆ. ಹೆಂಗಸರು ತಮ್ಮ ಜವಾರಿ ಕೋಳಿಗಳ ತತ್ತಿ ತಂದು ಅದರಲ್ಲಿ ಇಡುತ್ತಾರೆ. ಕೋಳಿ ಕೂತು ಕೊಡುವ ಕಾವನ್ನು ಅಲ್ಲಿ ದೀಪಗಳು ಕೊಡುತ್ತವೆ. ದೀಪ ಯಾವಾಗ ಹತ್ತಬೇಕು, ಯಾವಾಗ ಆರಬೇಕು ಎಂದು ನೋಡಿಕೊಳ್ಳುವುದು ಪಕ್ಕದಲ್ಲಿರುವ ಸಣ್ಣ ಕಂಪ್ಯೂಟರ್.

ಆ ದಿನ ಬೆಳಿಗ್ಗೆ ರಾಯಚೂರಿನ ಕಚೇರಿಗೆ ಬೂದೆಮ್ಮನ ಫೋನ್ ಬಂತು. ಒಕ್ಕೂಟದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ದೇವಿಕಾ ಅದನ್ನು ಎಲ್ಲರಿಗೂ ಕೇಳುವಂತೆ ಇಟ್ಟಳು.

“ಯವ್ವಾ ದೇವಿಕಾ, ದೀಪ ಹತ್ತವಲ್ಲವು. ಕಾವು ಇಳ್ಯಾಕತ್ತದ. ಒಳಗ ಮರಿ ಕೊಕ್ಕಿಲೆ ಕುಟ್ಟಾಕತ್ತಾವ, ಇವತ್ತೋ ನಾಳೆಯೋ ಹೊರಗ ಬರೋವು. ಕಂಪ್ಯೂಟರ್ ಬಿಚ್ಚಿಕೊಂಡು ಈಗಿನ ಬಸ್ಸಿಗೇ ಬರ್ತೀನಿ.”

“ಬ್ಯಾಡ್ರಿ ಬೂದೆವ್ವಾ, ವೈರು ಮುಟ್ಟಬ್ಯಾಡ್ರಿ! ನೀವು ಇಲ್ಲಿಗೆ ಬಂದು ಮುಟ್ಟೋದ್ರಾಗ ಮರಿ ತಣ್ಣಗಾಗ್ತಾವ. ನಾನು ಇಲ್ಲೇ ಕುಂತು ಅದರೊಳಗ ಬರ್ತೀನಿ.”

“ಅಲ್ಲಿ ಕುಂತು ಇಲ್ಲಿಗೆ ಬರ್ತೀ? ನಿನ್ನ ಕೈ ಅಷ್ಟು ಉದ್ದ ಅವ ಏನು?”

“ಹೌದ್ರೀ, ಉದ್ದ ಅವ, ನೋಡ್ರಿ.”

ಕಚೇರಿಗೆ ಆ ವಾರವಷ್ಟೇ ಹೊಸ ಕಂಪ್ಯೂಟರ್ ಬಂದಿತ್ತು. ದೇವಿಕಾ ಅದರಲ್ಲಿ ಟರ್ಮಿನಲ್ ತೆರೆದಳು. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಕಪ್ಪು ಪರದೆ. ಅಲ್ಲಿ ನಾವು ಟೈಪ್ ಮಾಡಿದ ಮಾತು ದೂರದ ಕಂಪ್ಯೂಟರಿಗೆ ಮುಟ್ಟುತ್ತದೆ, ಅದರ ಉತ್ತರ ಇಲ್ಲಿ ಮೂಡುತ್ತದೆ. ಅವಳು ಪೋತ್ನಾಳದ ಯಂತ್ರದ ವಿಳಾಸವೆಂದು ಒಂದಿಷ್ಟು ಅಂಕಿ ಹೊಡೆದಳು. ಕೂಡಲೇ ಪರದೆ ಒಂದು ಪ್ರಶ್ನೆ ಕೇಳಿತು: ಈ ಕಂಪ್ಯೂಟರಿನ ಪರಿಚಯ ನನಗಿಲ್ಲ, ಇದರ ಬೆರಳಚ್ಚು ಇದು, ಮುಂದುವರಿಯಲೇ?

ಸಭೆಗೆಂದು ದೇವದುರ್ಗದಿಂದ ಬಂದಿದ್ದ ಅಮರಮ್ಮ ಹಿಂದೆ ನಿಂತು ಚಡಪಡಿಸುತ್ತಿದ್ದಳು.

“ಹೌದು ಅನ್ನು ಬೇ! ಅಲ್ಲಿ ಮರಿ ಸಾಯಾಕತ್ತಾವ, ಇಲ್ಲಿ ಇದು ಪರಿಚಯ ಕೇಳಾಕತ್ತದ!”

“ತಡೀರಿ ಅಮರವ್ವಾ. ಬಾಗಿಲು ತಗದದ ಅಂತ ಗುರ್ತಿಲ್ಲದ ಮನಿಯೊಳಗ ಹೋಗ್ತೀರೇನು?” ಎಂದ ದೇವಿಕಾ ಫೋನಿಗೆ ಬಾಗಿದಳು. “ಬೂದೆವ್ವಾ, ಕಂಪ್ಯೂಟರ್ ಬಾಜೂಕ ಬಿಳಿ ಚೀಟಿ ಅಂಟ್ಸೀನಿ. ಅದರಾಗ ಬೆರಳಚ್ಚು ಬರ್ದೀನಿ, ಓದ್ರಿ.”

“ಕಂಪ್ಯೂಟರಿಗೆ ಬೆರಳು ಎಲ್ಲಿಂದ ಬಂದ್ವು?”

“ಬೆರಳಲ್ರೀ, ಅಕ್ಷರ, ಅಂಕಿ ಕೂಡಿಸಿದ ಗುರ್ತು. ಒಂದರದ್ದು ಇನ್ನೊಂದಕ್ಕ ಇರಂಗಿಲ್ಲ.”

ಬೂದೆಮ್ಮ ಚೀಟಿ ನೋಡಲು ಹೋದಳು. ಆಮೇಲೆ ಸಣ್ಣ ದನಿ ಬಂತು. “ಯವ್ವಾ, ಮಾನಾಮಿ ದಿನ ಇದಕ್ಕೂ ಆಯುಧ ಪೂಜಿ ಮಾಡಿದ್ವಿ. ಚೀಟಿ ತುಂಬ ವಿಭೂತಿ, ಕುಂಕುಮ ಅದ.”

“ಅದರ ಮ್ಯಾಲೇ ಹಚ್ಚಬೇಕಿತ್ತೇನ್ರಿ?”

“ಬೆಳ್ಳಗ ಇತ್ತಲ್ಲ, ಹಣಿ ಇದ್ದಂಗ ಕಂಡಿತು!”

ನಗುವ ಹೊತ್ತಲ್ಲ, ಆದರೂ ನಕ್ಕೆವು. ಬೂದೆಮ್ಮ ಸೆರಗಿನಿಂದ ಮೆಲ್ಲಗೆ ಒರೆಸಿ ಓದತೊಡಗಿದಳು. ಅವಳು ಇಂಗ್ಲಿಷ್ ಅಕ್ಷರ ಕಲಿತದ್ದು ಮೊಮ್ಮಕ್ಕಳಾದ ಮೇಲೆ. “ದೊಡ್ಡ ಕೆ... ಏಳು... ಸಣ್ಣ ಕ್ಯೂ...”

ದೇವಿಕಾಳ ಮುಖ ಬಿಗಿಯಾಯಿತು. “ಮತ್ತೊಮ್ಮೆ ಓದ್ರಿ.”

ಬೂದೆಮ್ಮ ಮತ್ತೆ ಓದಿದಳು. ಪರದೆಯ ಮೇಲೆ ಇದ್ದದ್ದೇ ಬೇರೆ. ದೇವಿಕಾ ‘ಬೇಡ’ ಎಂದು ಹೊಡೆದು, ತಾನು ಬರೆದ ವಿಳಾಸವನ್ನು ನೋಡಿದಳು.

“ತಪ್ಪು ನಂದು. ಕಡೀ ಅಂಕಿ ತಪ್ಪು ಹೊಡದೀನಿ. ಇದು ಪೋತ್ನಾಳದ್ದಲ್ಲ, ದೇವದುರ್ಗದ್ದು. ಒಳಗ ಹೋಗಿ ಎಲ್ಲಾ ದೀಪ ಒಮ್ಮೆಲೆ ಹಚ್ಚು ಅಂತ ಹೇಳೋಳಿದ್ದೆ.”

ದೇವದುರ್ಗದಲ್ಲಿ ದೀಪಗಳು ಸರಿಯಾಗೇ ಇದ್ದವು, ಕಾವು ಹದವಾಗಿತ್ತು. ಅಲ್ಲಿ ಎಲ್ಲ ದೀಪ ಹತ್ತಿದ್ದರೆ ತತ್ತಿ ಬೆಂದೇ ಹೋಗುತ್ತಿದ್ದವು. ಅವುಗಳಲ್ಲಿ ಅಮರಮ್ಮನ ಕೋಳಿಗಳ ತತ್ತಿಯೂ ಇದ್ದವು.

ಅಮರಮ್ಮ ಕುರ್ಚಿ ಎಳೆದುಕೊಂಡು ಕೂತಳು. “ಬೂದೆವ್ವಾ,” ಎಂದಳು, ಈ ಸಲ ತಗ್ಗಿದ ದನಿಯಲ್ಲಿ, “ಮೊದಲಿಂದ ಓದವ್ವಾ. ಸಾವಕಾಶ ಓದು.”

ದೇವಿಕಾ ಸರಿಯಾದ ವಿಳಾಸ ಹೊಡೆದಳು. ಬೂದೆಮ್ಮ ಒಂದೊಂದೇ ಅಕ್ಷರ ಹೇಳಿದಳು, ದೇವಿಕಾ ಪರದೆಯ ಮೇಲೆ ಬೆರಳಿಟ್ಟು ತಾಳೆ ನೋಡಿದಳು. ಕೊನೆಯವರೆಗೂ ತಾಳೆಯಾಯಿತು. ಆಗ ‘ಹೌದು’ ಎಂದಳು.

“ಈಗ ಪಾಸ್‌ವರ್ಡ್ ಕೇಳ್ತದ. ಅಮರವ್ವಾ, ಸ್ವಲ್ಪ ಮಾರಿ ಅತ್ತಾಗ ಮಾಡ್ರಿ.”

“ನನ್ನ ಮ್ಯಾಲೂ ಅನುಮಾನ ಏನು?”

“ನಮ್ಮವ್ವಗೂ ಹಿಂಗೇ ಹೇಳ್ತೀನ್ರಿ.”

ಅಮರಮ್ಮ ಗೋಡೆ ಕಡೆ ತಿರುಗಿದಳು. ಮತ್ತೆ ಈ ಕಡೆ ನೋಡುವಾಗ ಕಪ್ಪು ಪರದೆಯಲ್ಲಿ ಬಿಳಿ ಸಾಲುಗಳು ಒಂದರ ಕೆಳಗೊಂದು ಇಳಿಯುತ್ತಿದ್ದವು. ಪೋತ್ನಾಳದ ಪೆಟ್ಟಿಗೆ ಎಷ್ಟು ತಣ್ಣಗಾಗಿದೆ, ದೀಪ ನೋಡಿಕೊಳ್ಳುವ ಪ್ರೋಗ್ರಾಮ್ ಎಲ್ಲಿ ಸಿಕ್ಕಿಕೊಂಡಿದೆ, ಎಲ್ಲವೂ ರಾಯಚೂರಿನ ಮೇಜಿನ ಮೇಲೆ ಬಂದಿತ್ತು! ದೇವಿಕಾ ಆ ಪ್ರೋಗ್ರಾಮನ್ನು ನಿಲ್ಲಿಸಿ, ಮತ್ತೆ ಶುರು ಮಾಡಿದಳು.

“ಹತ್ತಿದ್ವು!” ಫೋನ್ ಒಡೆಯುವಂತೆ ಬೂದೆಮ್ಮ ಕೂಗಿದಳು. “ಯವ್ವಾ, ದೀಪ ಹತ್ತಿದ್ವು! ಇಲ್ಲಿ ಯಾರೂ ಮುಟ್ಟಿಲ್ಲ!”

ಕಾವು ಹದಕ್ಕೆ ಬಂತೆಂದು ನೋಡಿಕೊಂಡ ಮೇಲೆ ದೇವಿಕಾ ಲಾಗ್ ಔಟ್ ಮಾಡಿ ಹೊರಬಂದಳು. ಕೆಲಸ ಮುಗಿದ ಮೇಲೆ ಬಾಗಿಲು ಹಾಕಿಕೊಂಡೇ ಬರಬೇಕು.

ಮರುದಿನ ಬೂದೆಮ್ಮ ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದಳು. ಚಿಂವ್ ಚಿಂವ್ ಸದ್ದು ಕಚೇರಿಯನ್ನೆಲ್ಲ ತುಂಬಿತು. ಕೆಲವು ತತ್ತಿ ಹೋದವು, ಬಹಳಷ್ಟು ಉಳಿದವು. “ಅಲ್ಲಿ ಕುಂತು ಇಲ್ಲಿಗೆ ಬರೋದು ನನಗೂ ಕಲಿಸ್ತೀ?” ಎಂದು ಕೇಳಿದಳು. ಅವಳ ಹಿಂದೆಯೇ ಅಮರಮ್ಮನೂ ಕಲಿಯಲು ಹೆಸರು ಕೊಟ್ಟಿದ್ದಾಳೆ.

ಅಕ್ಕತಂಗಿಯರೇ, ನಿಮ್ಮ ಸಂಘದಲ್ಲೂ ದೂರದ ಕಂಪ್ಯೂಟರಿಗೆ ಹೋಗುವ ಈ ದಾರಿ ಕಲಿಯಿರಿ. ಮೊದಲ ಸಲ ಅದು ಪರಿಚಯ ಕೇಳಿದಾಗ, ಎಷ್ಟೇ ಅವಸರವಿದ್ದರೂ, ಆ ತುದಿಯಲ್ಲಿರುವ ನಿಮ್ಮವರಿಗೆ ಫೋನ್ ಮಾಡಿ ಬೆರಳಚ್ಚು ಪೂರ್ತಿ ಓದಿಸಿಕೊಳ್ಳಿ. ಒಂದಕ್ಷರ ತಾಳೆಯಾಗದಿದ್ದರೂ ಒಳಗೆ ಹೋಗಬೇಡಿ. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ನಮಗೆ ಬೇಗ ಓದಲು ಬರುವುದಿಲ್ಲವೆಂದು ಹಿಂಜರಿಯಬೇಡಿ. ಈ ಕೆಲಸಕ್ಕೆ ಬೇಕಾಗಿರುವುದೇ ಒಂದೊಂದು ಅಕ್ಷರವನ್ನೂ ಬಿಡದೆ ಓದುವವರು.