ಇಬ್ಬರಿಗೂ ಒಂದೇ ಅಳತೆ

ನಂಜನಗೂಡಿನ ಬೆಲ್ಲದ ಮಂಡಿ ಗುರುಮಲ್ಲಪ್ಪನವರಿಗೆ ಮೈ ಬಂದದ್ದು ನಲವತ್ತು ದಾಟಿದ ಮೇಲೆ. ಬೆಳಗಿನಿಂದ ಸಂಜೆಯವರೆಗೆ ಗಾದಿಯ ಮೇಲೆ ಕೂತೇ ವ್ಯಾಪಾರ. ಉಣ್ಣಲು ಕೂತರೆ ಮುದ್ದೆ, ಅನ್ನ, ಮೇಲೆ ಧಾರಾಳವಾಗಿ ತುಪ್ಪ. ಮಂಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಕಟ್ಟತೊಡಗಿದಾಗ ಹೆದರಿ, ದಸರೆ ಮುಗಿದದ್ದೇ ರೈಲು ಹತ್ತಿ ಮೈಸೂರಿಗೆ ಹೋಗಿ, ಮದರಾಸಿನಲ್ಲಿ ಓದಿ ಬಂದಿದ್ದ ಒಬ್ಬ ಡಾಕ್ಟರಿಗೆ ತೋರಿಸಿದರು.

ಡಾಕ್ಟರು ಅವರನ್ನು ತೂಗಿ, ದಿನವಿಡೀ ಏನು ಕೆಲಸವೆಂದು ಕೇಳಿದರು. ಆ ಮೈಗೆ, ಆ ಕೆಲಸಕ್ಕೆ ಊಟದಿಂದ ದಿನಕ್ಕೆ ಎಷ್ಟು ಶಾಖ ಬೇಕೆಂದು ಲೆಕ್ಕ ಹಾಕಿ, ಅದಕ್ಕಿಂತ ಕಡಿಮೆ ಬೀಳುವಂತೆ ಊಟ ಗೊತ್ತುಮಾಡಿದರು. ಕಡಿಮೆ ಬಿದ್ದಷ್ಟಕ್ಕೂ ಮೈಯೊಳಗಿನ ಕೊಬ್ಬೇ ಸೌದೆಯಾಗಿ ಉರಿಯುತ್ತದೆ ಎಂದರು. ಹೊತ್ತಿಗೊಂದು ಸಣ್ಣ ಮುದ್ದೆ, ಸೊಪ್ಪಿನ ಸಾರು, ನೀರುಮಜ್ಜಿಗೆ, ತುಪ್ಪ ಕೂಡದು.

ಅವರು ಮನೆಗೆ ಬಂದು ಹೇಳಿದ್ದೆಲ್ಲವನ್ನೂ ಹೆಂಡತಿ ಚನ್ನಾಜಮ್ಮ ಕೇಳಿಸಿಕೊಂಡು, ಹಿಟ್ಟು ಅಳೆಯಲು ಒಂದು ಬಟ್ಟಲು ಎತ್ತಿಟ್ಟಳು. ಮೊದಮೊದಲು ಗುರುಮಲ್ಲಪ್ಪನವರಿಗೆ ಹಸಿವು ತಡೆಯಲಾಗಲಿಲ್ಲ. ಸಿಡುಕಿದರು, ಒಮ್ಮೆ ತಟ್ಟೆಯನ್ನೇ ತಳ್ಳಿದರು. ಅವಳು ಎದುರಾಡಲಿಲ್ಲ, ಅಳತೆ ಮೀರಲೂ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ಅವರ ಅಂಗಿ ಸಡಿಲವಾಗಿ, ಹೊಳೆಯವರೆಗೆ ನಡೆದೇ ಹೋಗಿ ಮಿಂದು ಬರುವಂತಾದರು. ಸಿಕ್ಕವರೆಲ್ಲ ಹೊಗಳಿದರು.

ಮಗಳು ರುದ್ರಾಣಿಯನ್ನು ನರಸೀಪುರಕ್ಕೆ ಕೊಟ್ಟಿತ್ತು. ಶಿವರಾತ್ರಿಗೆ ತವರಿಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ನೀರಿನ ಬಿಂದಿಗೆ ಹೊತ್ತು ಬರುತ್ತಿದ್ದ ತಾಯಿಯ ಕೆನ್ನೆ ಒಳಗಿಳಿದಿತ್ತು, ಬಳೆಗಳು ಮೊಣಕೈಗೆ ಜಾರಿದ್ದವು. ಹಬ್ಬ ಕಳೆದ ಮಾರನೆಯ ದಿನ ಮಗಳು ಅಡುಗೆಮನೆ ಬಿಟ್ಟು ಕದಲಲಿಲ್ಲ. ಅಪ್ಪ ಉಂಡೆದ್ದ ಮೇಲೆ ಅವ್ವ ತನಗೂ ಅಷ್ಟೇ ಸಣ್ಣ ಮುದ್ದೆ ಇಟ್ಟುಕೊಂಡದ್ದನ್ನು ಕಂಡು, ಯಾಕೆಂದು ಕೇಳಿದಳು.

“ಅವ್ರು ಅಸ್ಕೊಂಡೇ ಎದ್ದೋಯ್ತಾರೆ ಕಣವ್ವ,” ಎಂದಳು ಚನ್ನಾಜಮ್ಮ. “ಆಮೇಲೆ ನಾನು ಒಟ್ಟೆ ತುಂಬ ಉಣ್ತೀನಿ ಅಂದ್ರೆ ಗಂಟ್ಲಲ್ಲಿ ಇಳೀತದಾ?”

ನಡುಮನೆಯಲ್ಲಿದ್ದ ಗುರುಮಲ್ಲಪ್ಪನವರಿಗೆ ಅದು ಕೇಳಿಸಿತು. ಮರುದಿನವೇ ಅವಳನ್ನು ಮೈಸೂರಿಗೆ ಕರೆದೊಯ್ದರು.

“ಅದು ಕೂತೇ ಇರೋ ದೊಡ್ಡ ಮೈಗೆ ಹಾಕಿದ ಲೆಕ್ಕ, ಯಜಮಾನ್ರೇ,” ಎಂದರು ಡಾಕ್ಟರು. “ಬೀಸಿ, ಕುಟ್ಟಿ, ನೀರು ಹೊರೋ ಮೈಗಲ್ಲ. ನಿಮ್ಮಲ್ಲಿ ಕರಗೋಕೆ ಕೊಬ್ಬಿತ್ತು. ಇವರಲ್ಲಿ ಏನಿತ್ತು?”

ಗುರುಮಲ್ಲಪ್ಪ ಹೆಂಡತಿಯ ಕಡೆ ತಿರುಗಿದರು. ಇಷ್ಟು ತಿಂಗಳು ಎದುರು ನಿಂತು ಬಡಿಸಿದವಳ ಮುಖವನ್ನು ತಾವು ಸರಿಯಾಗಿ ನೋಡಿಯೇ ಇರಲಿಲ್ಲವೆಂದು ಅವರಿಗೆ ಆಗ ಹೊಳೆಯಿತು.

ಮನೆಗೆ ಬಂದು ಹಾಲು, ಗಂಜಿ, ತುಪ್ಪವನ್ನು ತಾವೇ ಕೈಯಾರೆ ಉಣಿಸತೊಡಗಿದರು. ಅವಳು ನಾಚಿಕೊಂಡು ಎರಡು ಗುಟುಕು ಕುಡಿಯುವಳು, ಅದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಯುಗಾದಿಗೆ ಮೊದಲೇ ಜ್ವರ ಬಂತು. ತಡೆಯುವ ಶಕ್ತಿ ಆ ಮೈಯಲ್ಲಿ ಉಳಿದಿರಲಿಲ್ಲ. ತಮ್ಮ ಹೊಲದ ಬದುವಿನಲ್ಲಿ ಅವಳನ್ನು ಮಣ್ಣುಮಾಡಿದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಗುರುಮಲ್ಲಪ್ಪ ಒಮ್ಮೆ ನರಸೀಪುರಕ್ಕೆ ಹೋದರು. ರುದ್ರಾಣಿ ಮಣೆ ಹಾಕಿ ಬಡಿಸಿ, ಪಕ್ಕದಲ್ಲಿ ನಿಂತಳು.

“ನೀನೂ ಕೂತ್ಕೊ ಮಗ. ಜೊತೇಲೇ ಉಣ್ಣು,” ಎಂದರು.

ರುದ್ರಾಣಿ ಒಳಗಿದ್ದ ಅತ್ತೆಯ ಕಡೆ ನೋಡಿ ದನಿ ತಗ್ಗಿಸಿದಳು. “ಈ ಮನೇಲಿ ಅಂಗೆ ಕೂರಂಗಿಲ್ಲ ಅಪ್ಪಾಜಿ. ಎಲ್ರುದೂ ಆದ್ಮೇಲೆ ಉಣ್ತೀನಿ.”

ಅವರು ಮತ್ತೆ ಒತ್ತಾಯ ಮಾಡಲಿಲ್ಲ. ತಟ್ಟೆಯಲ್ಲಿದ್ದುದನ್ನು ಹೇಗೋ ಮುಗಿಸಿ, ಬಿಸಿಲು ಇಳಿಯುವವರೆಗೂ ಕಾಯದೆ ಗಾಡಿ ಕಟ್ಟಿಸಿ ನಂಜನಗೂಡಿನ ದಾರಿ ಹಿಡಿದರು.